ಕೊರಿಯಾದ ಚಳಿ ಇನ್ನೂ ಕಾಲಲ್ಲಿದೆ

1950ರ ನವೆಂಬರ್ ಕೊನೆಗೆ, ಕೊರಿಯಾ ಯುದ್ಧದ ಹೊತ್ತಿನಲ್ಲಿ, ಅಲ್ಲಿನ ಚೋಸಿನ್ ಜಲಾಶಯದ ಸುತ್ತ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಮೆರಿಕದ ಸೈನಿಕರ ರಬ್ಬರ್ ಬೂಟಿನೊಳಗೆ ನಡೆಯುವಾಗ ಬೆವರು ತುಂಬುತ್ತಿತ್ತು, ನಿಂತರೆ ಅದೇ ಹೆಪ್ಪುಗಟ್ಟುತ್ತಿತ್ತು. ಪಕ್ಕದವನಿಗೆ ಗುಂಡು ತಗುಲಿರುವಾಗ ಕಾಲು ಮರಗಟ್ಟಿದೆ ಎಂದು ವೈದ್ಯರ ಹತ್ತಿರ ಯಾರು ಹೋದಾರು? ಎಷ್ಟೋ ಜನರ ನೋವು ದಾಖಲೆಗೇ ಸೇರಲಿಲ್ಲ. ಸೇರಿದ್ದರಲ್ಲೂ ಬಹಳಷ್ಟು, 1973ರಲ್ಲಿ ಸೇಂಟ್ ಲೂಯಿಸ್‌ನ ಸೈನಿಕ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ. 80ರಷ್ಟು ಬೂದಿ.

ಮಿನ್ನೆಸೋಟದಲ್ಲಿ ಪಾದದ ವೈದ್ಯೆಯಾಗಿರುವ ನನ್ನ ಬಳಿಗೆ ಅಂಥ ಹಿರಿಯರೊಬ್ಬರು ಬಂದಿದ್ದರು. ಜುಲೈ ತಿಂಗಳು, ಕಾಲಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ. ಬಿಚ್ಚಿಸಿದರೆ ಎರಡೂ ಪಾದಗಳಲ್ಲಿ ಉಗುರು ದಪ್ಪಗಾಗಿ ಹಳದಿಗಟ್ಟಿವೆ, ಬೆರಳು ನೀಲಿಗೆಂಪು, ಹತ್ತಿಯ ಎಳೆ ಸೋಕಿಸಿದ್ದು ಗೊತ್ತೇ ಆಗುವುದಿಲ್ಲ. ನೋವಿದೆಯಾ ಅಂದರೆ "ಪರವಾಗಿಲ್ಲ" ಎಂದರು. ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ, ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರದ ಅರ್ಜಿ ಎಡವುವುದು ಅಲ್ಲೇ. ರಾತ್ರಿ ಹೊದಿಕೆ ತಾಗಿದರೆ ಏನಾಗುತ್ತದೆ ಎಂದು ಕೇಳಿದೆ. ಹೊದಿಕೆಯ ಭಾರ ತಡೆಯಲಾರದೆ ಕಾಲು ಹೊರಗಿಟ್ಟುಕೊಂಡೇ ಮಲಗುತ್ತಾರಂತೆ.

ಚಳಿಯಿಂದಾದ ಗಾಯಕ್ಕೆ ಆ ಪರಿಹಾರದ ನಿಯಮ ಹೀಗಿದೆ. ನೋವು, ಜೋಮು ಅಥವಾ ಚಳಿ ತಾಳದಿರುವುದು ಇದ್ದರೆ ಒಂದು ಪಾದಕ್ಕೆ ಶೇ. 10 ಅಂಗವೈಕಲ್ಯ. ಜೊತೆಗೆ ಉಗುರು ಕೆಡುವುದು, ಬಣ್ಣ ಬದಲಾಗುವುದು, ಸ್ಪರ್ಶ ಕುಂದುವುದು, ಅತಿಯಾದ ಬೆವರು ಇಂಥವುಗಳಲ್ಲಿ ಒಂದಿದ್ದರೆ 20, ಎರಡೋ ಹೆಚ್ಚೋ ಇದ್ದರೆ 30. ಎರಡು ಪಾದಕ್ಕೂ 30 ಸಿಕ್ಕರೆ ನೇರ ಕೂಡುವುದಿಲ್ಲ: ಮೊದಲು 51 ಆಗುತ್ತದೆ, ಎರಡೂ ಕಾಲಿನದ್ದೆಂದು ಅದರ ಹತ್ತರಲ್ಲೊಂದು ಪಾಲು ಸೇರಿ 56, ಕೊನೆಗೆ ಹತ್ತಿರದ ಹತ್ತಕ್ಕೆ ಏರಿಸಿ 60.

ದಾಖಲೆ ಇಲ್ಲದವರೂ ಕೈಚೆಲ್ಲಬೇಕಿಲ್ಲ. ಕಾಳಗದಲ್ಲಿದ್ದವರು ಹೇಳಿದ್ದು ಅಂದಿನ ಪರಿಸ್ಥಿತಿಗೆ ಹೊಂದಿದರೆ ಕಾನೂನು ಅದನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. ಹೆಂಡತಿಯೋ ಜೊತೆಗಾರನೋ ಬರೆದ ಪತ್ರವೂ ನಡೆಯುತ್ತದೆ. ಪರ ವಿರೋಧ ಸಮವಾಗಿ ತೂಗಿದರೆ ಸಂಶಯದ ಲಾಭ ಸೈನಿಕನಿಗೆ.

ಈ ಗಾಯದಿಂದ ಮುಂದೆ ಹುಟ್ಟುವ ತೊಂದರೆಗಳನ್ನು ಮಾತ್ರ ಬಹಳ ಜನ ಬಿಟ್ಟೇಬಿಡುತ್ತಾರೆ. ವರ್ಷಗಟ್ಟಲೆ ವಾಲಿ ನಡೆದು ಸವೆದ ಮಂಡಿ ಮತ್ತು ಸೊಂಟ, ನರಗಳ ಹಾನಿ, ಹಳೆಯ ಗಾಯದ ಕಲೆಯಲ್ಲಿ ಮೂಡುವ ಚರ್ಮದ ಕ್ಯಾನ್ಸರ್, ಇವಕ್ಕೆ ಬೇರೆಯಾಗಿ ಅರ್ಜಿ ಹಾಕಬಹುದು. ವೈದ್ಯರ ಒಂದು ಸಾಲಿನ ಚೀಟಿ ಸಾಲದು. ಪಾದದಿಂದಲೇ ಮಂಡಿ ಕೆಟ್ಟಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ ಎಂದು ಕಾರಣ ಸಮೇತ ಬರೆಯಬೇಕು. ಆ ಹಿರಿಯರ ಮಂಡಿಯ ಎಕ್ಸ್‌ರೇ ಜೊತೆಗೆ, ಹೊರಗಂಚು ಪೂರ್ತಿ ಸವೆದಿದ್ದ ಅವರ ಚಪ್ಪಲಿಯ ಫೋಟೊವನ್ನೂ ನಾನು ಪತ್ರಕ್ಕೆ ಲಗತ್ತಿಸಿದೆ.