ಬರೀದನ ಕೋಟೆ, ಯೂಸುಫನ ಖುತ್ಬಾ

ಉದಗೀರದ ಕೋಟೆ ನೋಡಿ ಬಂದ ಮೇಲೂ ಅದರ ಕಂದಕ ಕಣ್ಣ ಮುಂದಿನಿಂದ ಸರಿದಿಲ್ಲ. ಉಮರ್ಗಾ, ನಿಲಂಗಾ ದಾಟಿ ಹೋಗಿದ್ದೆ. ಆ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಬಜಾರಿನಲ್ಲಿ ಮರಾಠಿ. ಉದಗೀರ ಅಂದರೆ 1760ರ ಪೇಶ್ವೆ–ನಿಜಾಮರ ಯುದ್ಧ ಎಂದೇ ನಾವೆಲ್ಲ ಓದಿದ್ದು. ಕೋಟೆಯಲ್ಲಿ ಜೊತೆಯಾದ ಹಿರಿಯರೊಬ್ಬರು ಉದಯಗಿರಿ ಮಹಾರಾಜರ ಸಮಾಧಿಗೆ ಕೈಮುಗಿದು, “ಈ ಕಿಲ್ಲಾ ಬರೀದಂದ್ ರೀ. ಖರೇ ಕಥಿ ಅಲ್ಲಿಂದ ಶುರು” ಅಂದರು.

ಅವರ ಮಾತು ನಿಜ. ಬಹಮನಿ ಸುಲ್ತಾನನನ್ನು ಬೀದರಿನಲ್ಲಿ ಗೊಂಬೆ ಮಾಡಿ ಕೂರಿಸಿದ ಬರೀದರಿಗೆ ಉದಗೀರ, ಔಸಾ, ಕಂಧಾರಗಳೇ ಆಸರೆ. ಇಲ್ಲಿ ನಿಂತಾಗ ನನಗೆ ನೆನಪಾದದ್ದು ಮಾತ್ರ ವಿಜಯಪುರದ ಅರಕಿಲ್ಲೆಯ ಮಸೀದಿ. ಬರೀದ ದಂಡು ಹೊರಡಿಸಿದ್ದು ಅಲ್ಲಿ ಓದಿಸಿದ ಒಂದು ಖುತ್ಬಾದ (ಶುಕ್ರವಾರದ ನಮಾಜಿನ ಪ್ರವಚನದ) ನೆಪದಲ್ಲೇ.

1501ರಲ್ಲಿ ಇರಾನಿನ ಶಾ ಇಸ್ಮಾಯಿಲ್ ಶಿಯಾ ಪಂಥವನ್ನು ರಾಜ್ಯಧರ್ಮ ಮಾಡಿದ. ಅದರ ಬೆನ್ನಲ್ಲೇ, 1502ರ ಸುಮಾರಿಗೆ, ವಿಜಯಪುರದ ಒಡೆಯ ಯೂಸುಫ್ ಆದಿಲ್ ಶಾ ಅರಕಿಲ್ಲೆಯ ಮಸೀದಿಯಲ್ಲಿ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಓದಿಸಿದ. ಬಾಂಗಿಗೆ ಅಲಿಯ ಹೆಸರೂ ಸೇರಿತು. ಹಿಂದೂಸ್ತಾನದಲ್ಲಿ ಇದೇ ಮೊದಲು ಅನ್ನುತ್ತಾನೆ ಚರಿತ್ರೆಕಾರ ಫಿರಿಸ್ತಾ. ಆಗ ಶುಕ್ರವಾರದ ಖುತ್ಬಾದಲ್ಲಿ ಯಾರ ಹೆಸರು ಬರುತ್ತಿತ್ತೋ ಅವನೇ ದೊರೆ. ಆದ್ದರಿಂದ ಇದು ಬರೀ ನಮಾಜಿನ ವಿಷಯವಲ್ಲ, ಬೀದರಿಗೆ ಹಾಕಿದ ಸವಾಲು.

ಬರೀದ ಸುಮ್ಮನಿರಲಿಲ್ಲ. ಸುಲ್ತಾನನ ಹೆಸರಿನಲ್ಲಿ ಅಹ್ಮದನಗರ, ಗೋಲ್ಕೊಂಡದವರನ್ನು ಕೂಡಿಸಿಕೊಂಡು ದಂಡು ಹೊರಡಿಸಿದ. ಗೋಲ್ಕೊಂಡದ ಕುಲಿ ಕುತ್ಬ್ ಸ್ವತಃ ಶಿಯಾ! ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವವನು ಬೀರಾರದ ಫತೇವುಲ್ಲಾ ಇಮಾದ್-ಉಲ್-ಮುಲ್ಕ್. ಹುಟ್ಟಿದ್ದು ವಿಜಯನಗರ ಸೀಮೆಯ ಬ್ರಾಹ್ಮಣರ ಮನೆಯಲ್ಲಿ. ಎಳೆವಯಸ್ಸಿನಲ್ಲೇ ಸೆರೆಸಿಕ್ಕು ಮುಸಲ್ಮಾನನಾದವನು. ಈ ದಂಡಿನೆದುರು ನಿಲ್ಲದೆ ಬೀರಾರಕ್ಕೆ ಓಡಿಬಂದ ಯೂಸುಫನಿಗೆ ಅವನು ಕೊಟ್ಟ ಸಲಹೆ: ಸದ್ಯಕ್ಕೆ ಸುನ್ನಿ ಖುತ್ಬಾ ಓದಿಸಿಬಿಡು. ಹಾಗೇ ವಿಜಯಪುರಕ್ಕೆ ಅಪ್ಪಣೆ ಹೋಯಿತು. ಬರೀದನಿಗೆ ಬೇಕಾದದ್ದು ಧರ್ಮವಲ್ಲ, ವಿಜಯಪುರ ಎಂದು ಇಮಾದ್ ಉಳಿದವರಿಗೂ ಮನವರಿಕೆ ಮಾಡಿದ. ಅವರು ಮನೆಗೆ ನಡೆದರು. ಯೂಸುಫ್ ಮರಳಿದ, ಶಿಯಾ ಖುತ್ಬಾವೂ ಮರಳಿತು. ಇಷ್ಟು ಜಾಣ ಸಂಧಾನವನ್ನು ದಖ್ಖನಿನ ಚರಿತ್ರೆಯಲ್ಲಿ ನಾನು ಬೇರೆ ಕಂಡಿಲ್ಲ.

ಮುಂದಿನದು ಚುಟುಕಾಗಿ ಹೇಳಬಹುದು. 1534ರಲ್ಲಿ ಮೊಮ್ಮಗ ಇಬ್ರಾಹಿಂ ಸುನ್ನಿ ಖುತ್ಬಾ ತಂದ. 1558ರಲ್ಲಿ ಮರಿಮಗ ಅಲಿ ಅದನ್ನು ಶಿಯಾ ಮಾಡಿದ. ಎರಡನೆಯ ಇಬ್ರಾಹಿಮನ ಕಾಲಕ್ಕೆ ಮತ್ತೆ ಸುನ್ನಿ. ಗೋಡೆ ಒಡೆಯದೆ, ಕಲ್ಲು ಕದಲಿಸದೆ ಒಂದು ಪಂಥಕ್ಕೆ ಮಸೀದಿ ಕಳೆದುಹೋಗುತ್ತಿತ್ತು, ಮತ್ತೆ ಸಿಗುತ್ತಿತ್ತು. 1636ರಲ್ಲಿ ಶಹಜಹಾನ್ ಗೋಲ್ಕೊಂಡದ ಖುತ್ಬಾದಿಂದ ಇಮಾಮರ ಹೆಸರನ್ನೂ ಇರಾನಿನ ಶಾನ ಹೆಸರನ್ನೂ ತೆಗೆಸಿದ. ಅದೇ ವರ್ಷ ಉದಗೀರ, ಔಸಾ ಎರಡೂ ಮೊಗಲರ ಪಾಲಾದವು.

ಶಿಯಾ ಖುತ್ಬಾ ಓದಿಸಿದ ಯೂಸುಫ್, ಅದನ್ನು ನಿಲ್ಲಿಸಿದ ಮೊಮ್ಮಗ ಇಬ್ರಾಹಿಂ, ಇಬ್ಬರ ಗೋರಿಯೂ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಆವರಣದಲ್ಲೇ ಇವೆ. ಗೋಳಗುಮ್ಮಟಕ್ಕೆ ಹೋಗುವವರು ಒಮ್ಮೆ ಗೋಗಿಗೂ ಹೋಗಿ ಬನ್ನಿ.