ಮೂವತ್ತೆರಡು ಪುಟಗಳ ಪಾಠಪುಸ್ತಕ

ಅಮರ ಚಿತ್ರ ಕಥೆ ಮಾಲಿಕೆಯ ಮೊದಲ ಭಾರತೀಯ ಕಥೆ 'ಕೃಷ್ಣ'. ಆದರೆ ಅದರ ಮೇಲಿದ್ದ ಕ್ರಮಸಂಖ್ಯೆ 11. ಅದಕ್ಕೂ ಹಿಂದಿನ ಹತ್ತು ಸಂಖ್ಯೆಗಳು ಸಿಂಡ್ರೆಲಾ, ಅಲ್ಲಾದೀನ, ಪಿನೋಕಿಯೋ ಮುಂತಾದ ಹೊರನಾಡಿನ ಕಥೆಗಳಿಗೆ ಸಂದಿದ್ದವು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕಗಳನ್ನು ಬೆಂಗಳೂರಿನಲ್ಲಿ ಮಾರುತ್ತಿದ್ದ ಜಿ. ಕೆ. ಅನಂತರಾಮ್ ಹೇಳಿರುವಂತೆ ಆ ಹತ್ತೂ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಅವು ಚೆನ್ನಾಗಿ ಖರ್ಚಾದದ್ದನ್ನು ಕಂಡ ಮೇಲೆಯೇ ಮುಂಬೈಯ ಮುಖ್ಯ ಕಚೇರಿ ಇಂಗ್ಲಿಷ್ ಮಾಲಿಕೆಗೆ ಮನಸ್ಸು ಮಾಡಿತು ಎಂಬುದು ಅವರ ಮಾತು. ಆ ಮಾಲಿಕೆಯನ್ನು ಕಟ್ಟಿದ ಅನಂತ ಪೈ ಹುಟ್ಟಿದ್ದೂ ಕಾರ್ಕಳದಲ್ಲಿ, 1929ರಲ್ಲಿ. ಪೈ ಅವರು ತಮ್ಮ ಕಡೆಯಿಂದ ಹೇಳುತ್ತಿದ್ದ ಕಥೆ ಬೇರೆ. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಿರಲಿಲ್ಲ; ಅದನ್ನು ಕಂಡು ಮರುಗಿ ಈ ಕೆಲಸಕ್ಕೆ ಇಳಿದೆ ಎಂದು ಅವರು ಹಲವು ಬಾರಿ ಹೇಳಿದ್ದಾರೆ. ಎರಡು ಕಥೆಗಳೂ ಒಟ್ಟಿಗೆ ನಿಜವಾಗಿರಬಹುದು. ಮಾರುಕಟ್ಟೆ ಇದೆ ಎಂದು ಒಬ್ಬರಿಗೆ ಗೊತ್ತಾಗಿತ್ತು, ಅದರಲ್ಲಿ ಏನನ್ನು ತುಂಬಬೇಕು ಎಂಬುದು ಇನ್ನೊಬ್ಬರಿಗೆ ಹೊಳೆದಿತ್ತು. ಮುಂದಿನ ದಶಕಗಳಲ್ಲಿ ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳು ಬಂದವು, ಭಾರತದ ಹಲವು ಭಾಷೆಗಳಿಗೆ ಹೋದವು, ಕೋಟಿಗಟ್ಟಲೆ ಪ್ರತಿಗಳು ಮನೆಮನೆ ಸೇರಿದವು. ಶಾಲೆಯ ಪಠ್ಯಪುಸ್ತಕವನ್ನು ಬಿಟ್ಟರೆ ಭಾರತದ ಇತಿಹಾಸ ಪುರಾಣಗಳನ್ನು ಇಷ್ಟು ಮಕ್ಕಳಿಗೆ ಕಲಿಸಿದ ಅಚ್ಚಿನ ಸರಕು ಬಹುಶಃ ಇನ್ನೊಂದಿಲ್ಲ. ಆದ್ದರಿಂದ ಇದನ್ನು ಬಾಲ್ಯದ ಸಿಹಿ ನೆನಪೆಂದು ಬದಿಗಿಡದೆ, ಪಠ್ಯಪುಸ್ತಕವನ್ನು ನೋಡುವಷ್ಟೇ ಎಚ್ಚರದಿಂದ ನೋಡಬೇಕು.

ಹಳೆಯ ಸಂಚಿಕೆಯೊಂದನ್ನು ಬಿಚ್ಚಿದರೆ ರಕ್ಷಾಪುಟದ ಒಳಬದಿಯಲ್ಲೇ ಒಂದು ಪುಟ್ಟ ಮುನ್ನುಡಿ ಸಿಗುತ್ತದೆ. ಕಥೆ ಎಲ್ಲಿಂದ ಬಂತು, ಯಾವ ಗ್ರಂಥವನ್ನು ಅನುಸರಿಸಿದೆ ಎಂಬ ವಿವರ ಅದರಲ್ಲಿ ಇರುತ್ತದೆ. ಕೃಷ್ಣನ ಬಾಲ್ಯಕ್ಕೆ ಭಾಗವತದ ಹತ್ತನೆಯ ಸ್ಕಂಧ, ಶಕುಂತಲೆಗೆ ಕಾಳಿದಾಸನ ನಾಟಕ, ಹೀಗೆ. ಆಮೇಲೆ ಮೂವತ್ತೆರಡು ಪುಟಗಳ ಕಥೆ. ಪುಟಕ್ಕೆ ನಾಲ್ಕೈದು ಚೌಕಗಳೆಂದು ಹಿಡಿದರೂ ಒಟ್ಟು ನೂರೈವತ್ತರ ಆಸುಪಾಸು. ಚೌಕದ ಮೇಲ್ಗಡೆ ಕಾಲ ಸ್ಥಳ ಹೇಳುವ ಒಂದು ಪಟ್ಟಿ, ನಡುವೆ ಮಾತಿನ ಗುಳ್ಳೆ, ಉಳಿದದ್ದೆಲ್ಲ ಚಿತ್ರ. ಒಬ್ಬ ಚಕ್ರವರ್ತಿಯ ಬಾಳೋ ಒಬ್ಬ ಸಂತನ ಬಾಳೋ ಇಷ್ಟರೊಳಗೆ ಹಿಡಿಯಬೇಕು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮುಂತಾದವರು ಸಂಪಾದಕೀಯ ಬಳಗದಲ್ಲಿ ಕೂತು ಬರಹವನ್ನು ಚೌಕಗಳಿಗೆ ಒಡೆದರು; ರಾಮ್ ವಾಯಿರ್ಕರ್, ಪ್ರತಾಪ್ ಮುಳಿಕ್, ದಿಲೀಪ್ ಕದಂ, ಯೂಸುಫ್ ಲೀನ್‌ರಂಥ ಕಲಾವಿದರು ಅವಕ್ಕೆ ರೂಪ ಕೊಟ್ಟರು. 'ಕೃಷ್ಣ'ನನ್ನು ಬರೆದ ವಾಯಿರ್ಕರ್ ಅವರೇ ಮುಂದೆ 1980ರಲ್ಲಿ ಶುರುವಾದ 'ಟಿಂಕಲ್' ಪತ್ರಿಕೆಯ ಸುಪ್ಪಾಂಡಿಗೂ ಮುಖ ಕೊಟ್ಟರು. ಇವರೆಲ್ಲರ ಕೆಲಸವನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಕಥೆ ಸರಿಯಾಗಿದೆಯೇ ಎಂದು ಕೇಳುತ್ತೇವೆ. ನನ್ನ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ ಬೇರೆ: ಮೂಲಗ್ರಂಥ ಹೇಳದೆ ಬಿಟ್ಟದ್ದನ್ನು ಚಿತ್ರ ಯಾವುದರಿಂದ ತುಂಬಿತು?

ಬರಹಕ್ಕೆ ಒಂದು ಅನುಕೂಲವಿದೆ. ತನಗೆ ಗೊತ್ತಿಲ್ಲದ್ದನ್ನು ಅದು ಹೇಳದೆ ದಾಟಬಹುದು. ರಾಷ್ಟ್ರೋತ್ಥಾನ ಪರಿಷತ್ತು ಎಲ್. ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ಹೊರತಂದ ಭಾರತ-ಭಾರತಿ ಮಾಲಿಕೆಯ 510 ಪುಸ್ತಿಕೆಗಳನ್ನು ಬಲ್ಲ ಕನ್ನಡಿಗರಿಗೆ ಇದು ತಕ್ಷಣ ತಿಳಿಯುತ್ತದೆ. 'ರಾಜನು ಸಭೆಗೆ ಬಂದನು' ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಅವನು ಎತ್ತರವೋ ಗಿಡ್ಡವೋ, ಮೀಸೆ ಇತ್ತೋ ಇಲ್ಲವೋ, ಸಭೆಯ ಕಂಬ ಕಲ್ಲಿನದೋ ಮರದ್ದೋ, ಬಾಗಿಲಲ್ಲಿ ನಿಂತ ಕಾವಲುಗಾರನ ಮೈಬಣ್ಣ ಯಾವುದು ಎಂಬುದನ್ನೆಲ್ಲ ಲೇಖಕ ನಿರ್ಧರಿಸಬೇಕಿಲ್ಲ. ಚಿತ್ರಗಾರನಿಗೆ ಈ ಬಿಡುಗಡೆ ಇಲ್ಲ. ಅವನು ಪ್ರತಿಯೊಂದನ್ನೂ ನಿರ್ಧರಿಸಲೇಬೇಕು, ನೂರೈವತ್ತು ಸಲ ನಿರ್ಧರಿಸಬೇಕು. ಕೃಷ್ಣದೇವರಾಯನನ್ನೇ ತೆಗೆದುಕೊಳ್ಳಿ. ಅಮರ ಚಿತ್ರ ಕಥೆಯಲ್ಲಿ ಅವನ ಸಂಚಿಕೆಯೂ ಇದೆ. ಅವನ ವಿಷಯದಲ್ಲಿ ಆಧಾರಗಳು ಅಪರೂಪಕ್ಕೆ ಸಮೃದ್ಧವಾಗಿವೆ. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಅವನ ಲೋಹಪ್ರತಿಮೆ ಇದೆ, ತಲೆಯ ಮೇಲೆ ಎತ್ತರದ ಕುಲ್ಲಾಯಿ ಸಮೇತ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅವನನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಮಧ್ಯಮ ಎತ್ತರ, ಸ್ವಲ್ಪ ತುಂಬಿದ ಮೈ, ಮುಖದಲ್ಲಿ ಸಿಡುಬಿನ ಕಲೆ. ಇಷ್ಟೆಲ್ಲ ಇದ್ದರೂ ವೀರನ ಮುಖದಲ್ಲಿ ಸಿಡುಬಿನ ಕಲೆ ಬಿಡಿಸುವುದು, ವೀರನಿಗೆ ದಪ್ಪ ಮೈ ಕೊಡುವುದು ಮಕ್ಕಳ ಚಿತ್ರಕಥೆಯ ರೂಢಿಯಲ್ಲಿ ಇಲ್ಲ. ಅಗಲ ಎದೆ, ನಯವಾದ ಕೆನ್ನೆ, ನೇರ ಮೂಗು ಎಂಬ ಅಚ್ಚು ಮೊದಲೇ ಸಿದ್ಧವಾಗಿರುತ್ತದೆ. ಆಧಾರ ಇದ್ದಲ್ಲೂ ಆ ಅಚ್ಚಿನ ಸೆಳೆತ ಬಲವಾದದ್ದು. ಆಧಾರವೇ ಇಲ್ಲದ ಕಡೆ ಅದರದೇ ಆಳ್ವಿಕೆ.

ಇಲ್ಲಿಂದ ಮುಂದಿನ ತೊಡಕು ಹುಟ್ಟುತ್ತದೆ. ಮಾಲಿಕೆಯಲ್ಲಿ ಸುಭಾಷ್‌ಚಂದ್ರ ಬೋಸರಿದ್ದಾರೆ. ಅವರ ಮುಖಕ್ಕೆ ಛಾಯಾಚಿತ್ರಗಳ ಸಾಕ್ಷಿ ಇದೆ. ಅಕ್ಬರನಿದ್ದಾನೆ, ಅವನ ಆಸ್ಥಾನದ ಚಿತ್ರಗಾರರೇ ಅವನನ್ನು ಬರೆದಿಟ್ಟಿದ್ದಾರೆ. ಶಕುಂತಲೆ ಇದ್ದಾಳೆ, ಅವಳ ರೂಪಕ್ಕೆ ಇರುವುದು ಕವಿಯ ವರ್ಣನೆ, ಮತ್ತು ಕವಿಯ ನಂತರ ರಾಜಾ ರವಿವರ್ಮನ ಕುಂಚ. ಗೊತ್ತಿರುವುದು, ಊಹಿಸಿದ್ದು, ಕಲ್ಪಿಸಿಕೊಂಡದ್ದು ಈ ಮೂರೂ ಒಂದೇ ಗೆರೆಯಲ್ಲಿ, ಒಂದೇ ಬಣ್ಣದಲ್ಲಿ, ಒಂದೇ ಬಗೆಯ ಚೌಕದಲ್ಲಿ ಅಚ್ಚಾಗುತ್ತವೆ. ಎಂಟು ವರ್ಷದ ಓದುಗನಿಗೆ ಅವನ್ನು ಬೇರ್ಪಡಿಸುವ ಯಾವ ಗುರುತೂ ಇಲ್ಲ. ಬೋಸರ ಕನ್ನಡಕ ಎಷ್ಟು ನಿಜವೋ ಕಂಸನ ಕಿರೀಟವೂ ಅಷ್ಟೇ ನಿಜವೆಂದು ಅವನ ಮನಸ್ಸಿನಲ್ಲಿ ನಿಲ್ಲುತ್ತದೆ. ಒಳರಕ್ಷಾಪುಟದ ಮುನ್ನುಡಿ ಈ ಕೊರತೆಯನ್ನು ತುಂಬಬಹುದಿತ್ತು. ಕಥೆಯ ಮೂಲ ಹೇಳಿದಂತೆ ಚಿತ್ರದ ಮೂಲವನ್ನೂ ಹೇಳುವುದು ಸಂಪಾದಕರ ರೂಢಿಯಾಗಿದ್ದರೆ, ಈ ರಥ ಯಾವ ಶಿಲ್ಪದಿಂದ ಬಂತು, ಈ ಆಭರಣ ಯಾವ ಕಾಲದ್ದು ಎಂಬ ನಾಲ್ಕು ಸಾಲು ಸೇರಿಸುವುದು ಕಷ್ಟವಿರಲಿಲ್ಲ. ಇಡೀ ಮಾಲಿಕೆಯಲ್ಲಿ ಕೈತಪ್ಪಿದ ಅವಕಾಶಗಳಲ್ಲಿ ಇದನ್ನೇ ದೊಡ್ಡದೆಂದು ನಾನು ಎಣಿಸುತ್ತೇನೆ.

ಚಿತ್ರಕಥೆ ಓದುವ ಅಭ್ಯಾಸವನ್ನೇ ಕೆಡಿಸುತ್ತದೆ ಎಂಬುದು ಇದಕ್ಕಿಂತ ಹಳೆಯ ಆಕ್ಷೇಪ. ಅಮೆರಿಕದಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಕಾಮಿಕ್ಸ್ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಅದರ ಬಿಸಿ ನಮ್ಮ ಮೇಷ್ಟರುಗಳಿಗೂ ತಟ್ಟಿತ್ತು. ಅನಂತ ಪೈ ಅದಕ್ಕೆ ಶಾಲೆಗಳ ಮೂಲಕವೇ ಉತ್ತರ ಕೊಡಲು ಹೊರಟರು. 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರದ ಬಗ್ಗೆ ವಿಚಾರಸಂಕಿರಣವೇ ನಡೆಯಿತು. ಈ ಆಕ್ಷೇಪದಲ್ಲಿ ನನಗೆ ಹೆಚ್ಚು ಹುರುಳು ಕಾಣುವುದಿಲ್ಲ. ಚಿತ್ರಕಥೆಯ ಪುಟ ಓದುವುದಕ್ಕೆ ಅದರದೇ ಶ್ರಮವಿದೆ. ಒಂದು ಚೌಕದಲ್ಲಿ ಬಾಣ ಹೂಡಿದವನು ಮುಂದಿನ ಚೌಕದಲ್ಲಿ ಗೆದ್ದು ನಿಂತಿದ್ದರೆ ನಡುವಿನ ಯುದ್ಧವನ್ನು ಕಟ್ಟಿಕೊಳ್ಳುವವನು ಓದುಗನೇ. ಯಾವ ಗುಳ್ಳೆ ಮೊದಲು, ಯಾವುದು ಆಮೇಲೆ, ಮೋಡದಂಥ ಗುಳ್ಳೆಯೊಳಗಿನದು ಆಡಿದ ಮಾತೋ ಮನಸ್ಸಿನ ಮಾತೋ ಎಂಬುದನ್ನು ಮಗು ಯಾರೂ ಕಲಿಸದೆ ಕಲಿಯುತ್ತದೆ. ಮನೆಯಲ್ಲಿ ಬೇರೆ ಪುಸ್ತಕವೇ ಇಲ್ಲದ ಸಾವಿರಾರು ಮಕ್ಕಳಿಗೆ ಕೈಯಿಂದ ಕೈಗೆ ದಾಟಿ ಬಂದ ಈ ತೆಳು ಪುಸ್ತಕವೇ ಪಠ್ಯದಾಚೆಯ ಮೊದಲ ಓದು. ಪಠ್ಯಪುಸ್ತಕವನ್ನು ಪರೀಕ್ಷೆ ಮುಗಿದ ದಿನವೇ ಮುಚ್ಚಿದವರು ಇದನ್ನು ರಟ್ಟು ಕಿತ್ತುಹೋಗುವವರೆಗೆ ಓದಿದರು. ಆ ಪ್ರೀತಿಯನ್ನು ಲಘುವಾಗಿ ಕಾಣುವ ಹಕ್ಕು ಶಿಕ್ಷಣದ ಬಗ್ಗೆ ಕಾಳಜಿ ಇರುವ ಯಾರಿಗೂ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಅಸುರರೆಲ್ಲ ಕಪ್ಪಗೆ, ದಪ್ಪ ಮೀಸೆ, ಕೋರೆಹಲ್ಲು. ರಾಜಕುಮಾರಿಯರೆಲ್ಲ ಗುಲಾಬಿ ಮೈ, ಸಿನಿಮಾ ನಟಿಯ ಉಡುಗೆ. ಮಹಾಭಾರತ ಶ್ಯಾಮಲೆಯೆಂದು ಬಣ್ಣಿಸಿದ ದ್ರೌಪದಿಯೂ ಇಲ್ಲಿ ಬೆಳ್ಳಗಾದಳು. ನಂದಿನಿ ಚಂದ್ರ, ಕಾರ್ಲಿನ್ ಮೆಕ್‌ಲೇನ್ ಮುಂತಾದ ವಿದ್ವಾಂಸರು ಈ ಮಾಲಿಕೆಯ ಜಾತಿ, ಧರ್ಮ, ಹೆಣ್ಣಿನ ಚಿತ್ರಣವನ್ನು ಪುಸ್ತಕಗಳಷ್ಟು ಉದ್ದಕ್ಕೆ ಪರಿಶೀಲಿಸಿದ್ದಾರೆ. ಅವರ ಟೀಕೆಯ ಮುಖ್ಯ ಭಾಗವನ್ನು ಒಪ್ಪದೆ ಗತಿಯಿಲ್ಲ. ಕಾಲಧರ್ಮ ಹಾಗಿತ್ತು ಎಂದು ಸಮರ್ಥಿಸುವವರಿದ್ದಾರೆ. ಆ ಸಮರ್ಥನೆ ನಿಲ್ಲುವುದಿಲ್ಲ, ಏಕೆಂದರೆ ದ್ರೌಪದಿಯ ಬಣ್ಣ ಗೊತ್ತಾಗಲು ಹೊಸ ಕಾಲ ಬರಬೇಕಿರಲಿಲ್ಲ, ಮೂಲವನ್ನು ಓದಿದ್ದರೆ ಸಾಕಿತ್ತು, ಮತ್ತು ಸಂಪಾದಕರು ಮೂಲವನ್ನು ಓದಿದವರೇ. 1985ರಿಂದ 1989ರವರೆಗೆ 42 ಸಂಚಿಕೆಗಳಲ್ಲಿ ಮಹಾಭಾರತವನ್ನು ತಂದ ಬಳಗಕ್ಕೆ ಗ್ರಂಥದ ಶ್ರದ್ಧೆ ಇರಲಿಲ್ಲ ಎನ್ನಲಾಗದು. ಬರಹದಲ್ಲಿ ತೋರಿದ ಆ ಶ್ರದ್ಧೆ ಬಣ್ಣದ ವಿಷಯಕ್ಕೆ ಬಂದಾಗ ಕ್ಯಾಲೆಂಡರಿಗೂ ಸಿನಿಮಾಕ್ಕೂ ಸೋತಿತು. ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ಬರಹದ ಪೂರ್ವಗ್ರಹ ವಿಶೇಷಣಗಳ ಸಂದಿಯಲ್ಲಿ ಅಡಗಿ ತಲೆಮಾರುಗಟ್ಟಲೆ ಉಳಿದೀತು. ಚಿತ್ರದ ಪೂರ್ವಗ್ರಹ ಬಯಲಿನಲ್ಲಿ ನಿಂತಿರುತ್ತದೆ, ಬೆರಳಿಟ್ಟು ತೋರಿಸಬಹುದು. ವಾಲ್ಮೀಕಿಯನ್ನು ದರೋಡೆಕೋರನಾಗಿ ತೋರಿಸಿದ ಸಂಚಿಕೆಯ ವಿರುದ್ಧ ವಾಲ್ಮೀಕಿ ಸಮುದಾಯ ಪಂಜಾಬಿನಲ್ಲಿ ಪ್ರತಿಭಟಿಸಿತು. ಅದೇ ಕಥೆ ಎಷ್ಟೋ ಪುಸ್ತಕಗಳಲ್ಲಿ ಮೊದಲೇ ಅಚ್ಚಾಗಿತ್ತು. ಸಿಟ್ಟು ತಿರುಗಿದ್ದು ಚಿತ್ರಪುಸ್ತಕದ ಕಡೆಗೆ.

ಅನಂತ ಪೈ ಸತ್ಯವನ್ನು ಹೇಳಬೇಕು, ಆದರೆ ಅಪ್ರಿಯವಾದ ಸತ್ಯವನ್ನು ಹೇಳಬಾರದು ಎಂಬ ಹಳೆಯ ನೀತಿಯನ್ನು ತಮ್ಮ ಸಂಪಾದಕೀಯ ಸೂತ್ರವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಚಿಕ್ಕ ಮಕ್ಕಳ ಕೈಗೆ ರಕ್ತಪಾತ ಕೊಡಬಾರದು ಎಂಬ ಅರ್ಥದಲ್ಲಿ ಅದು ಒಪ್ಪತಕ್ಕದ್ದೇ. ಆದರೆ ಯಾರಿಗೆ ಅಪ್ರಿಯ ಎಂಬ ಪ್ರಶ್ನೆ ಬಂದಾಗ ಸೂತ್ರ ತಡವರಿಸುತ್ತದೆ. 1979ರಲ್ಲಿ ಬಂದ ಬಾಬಾಸಾಹೇಬ್ ಅಂಬೇಡ್ಕರ್ ಸಂಚಿಕೆಯನ್ನು ನಾನು ಈ ಮಾಲಿಕೆಯ ದಿಟ್ಟ ಪುಸ್ತಕಗಳ ಸಾಲಿಗೆ ಸೇರಿಸುತ್ತೇನೆ. ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳು ಅಸ್ಪೃಶ್ಯತೆಯನ್ನು ಮೊದಲು ಕಣ್ಣಿಂದ ನೋಡಿದ್ದು ಅಲ್ಲಿರಬೇಕು. ಆದರೂ ಅದು ರಾಜನಿಗೂ ಸಂತನಿಗೂ ಬಳಸಿದ ಚೌಕಟ್ಟಿನಲ್ಲೇ ಬಂತು: ಕಷ್ಟದ ಬಾಲ್ಯ, ಪರಿಶ್ರಮ, ಒಬ್ಬ ಮಹಾಪುರುಷನ ಗೆಲುವು. ಅದರ ಪಕ್ಕಕ್ಕೆ 2011ರಲ್ಲಿ ನವಯಾನ ಹೊರತಂದ 'ಭೀಮಾಯನ'ವನ್ನು ಇಟ್ಟು ನೋಡಿ. ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಅದೇ ಅಂಬೇಡ್ಕರರ ಬಾಳನ್ನು ಬರೆಯುವಾಗ ಚೌಕವನ್ನೇ ತೊರೆದರು. ಪಾತ್ರಗಳನ್ನು ಡಬ್ಬಿಯೊಳಗೆ ಕೂರಿಸಲು ಅವರಿಗೆ ಮನಸ್ಸಾಗಲಿಲ್ಲ. ಮೃದು ಮಾತಿನ ಗುಳ್ಳೆ ಹಕ್ಕಿಯ ಆಕಾರ ತಾಳಿತು, ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ ಬಂತು. ನೀರು, ವಸತಿ, ಪ್ರಯಾಣ ಎಂದು ಭಾಗಗಳಾದವು. ದಿನಬಳಕೆಯ ಈ ಹಕ್ಕುಗಳು ಯಾರಿಗೆಲ್ಲ ಸಿಗಲಿಲ್ಲ ಎಂಬುದು ಮುನ್ನೆಲೆಗೆ ಬಂದು, ಒಬ್ಬನ ಗೆಲುವಿನ ಕಥೆ ಒಂದು ಸಮುದಾಯದ ಅನುಭವವಾಯಿತು. ಹಳೆಯ ಸಂಚಿಕೆ ಇದರಿಂದ ಬೇಡವಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಓದಿದ ಹುಡುಗಿಗೆ ಯಾವ ಪಾಠವೂ ಹೇಳದ ಒಂದು ವಿಷಯ ತಾನಾಗಿ ತಿಳಿಯುತ್ತದೆ: ಒಂದೇ ಬಾಳನ್ನು ಎರಡು ಬಗೆಯಲ್ಲಿ ಚಿತ್ರಿಸಬಹುದು, ಮತ್ತು ಯಾವ ಬಗೆ ಎಂಬುದನ್ನು ಯಾರೋ ಕೂತು ಆರಿಸಿರುತ್ತಾರೆ.

ಮೂಲ ಮಾಲಿಕೆ 1991ರಲ್ಲಿ ನಿಂತಿತು. 2007ರಲ್ಲಿ ಹೊಸ ಒಡೆತನಕ್ಕೆ ಹೋದ ಮೇಲೆ ಮತ್ತೆ ಹೊಸ ಶೀರ್ಷಿಕೆಗಳು ಬರತೊಡಗಿದವು, ಹಳೆಯವು ಮರುಮುದ್ರಣಗೊಂಡವು, ಫೋನಿನ ಪರದೆಗೂ ಬಂದವು. ಅನಂತ ಪೈ 2011ರ ಫೆಬ್ರವರಿಯಲ್ಲಿ ತೀರಿಕೊಂಡರು. ಈಗಿನ ಮಕ್ಕಳಿಗೆ ಚಿತ್ರಗಳ ಬರವೇನೂ ಇಲ್ಲ. ಅವರ ಕಣ್ಣಮುಂದೆ ದಿನವೂ ಹಾಯುವ ಚಿತ್ರಗಳಿಗೆ ಒಳರಕ್ಷಾಪುಟದ ಮುನ್ನುಡಿಯಷ್ಟು ಆಧಾರವೂ ಇರುವುದಿಲ್ಲ. ಆದ್ದರಿಂದ ಸಮಾಜವಿಜ್ಞಾನ ಕಲಿಸುವ ಶಿಕ್ಷಕರಲ್ಲಿ ಒಂದು ವಿನಂತಿ. ವಿಜಯನಗರದ ಪಾಠ ಮಾಡುವ ದಿನ ಹಳೆಯ 'ಕೃಷ್ಣದೇವರಾಯ' ಸಂಚಿಕೆಯೊಂದನ್ನು ತರಗತಿಗೆ ತನ್ನಿ, ತಿರುಮಲೆಯ ಪ್ರತಿಮೆಯ ಫೋಟೊ ಮತ್ತು ಪಾಯಸನ ವರ್ಣನೆಯನ್ನು ಪಕ್ಕದಲ್ಲಿಡಿ, ಚಿತ್ರಗಾರನಿಗೆ ಇದು ಹೇಗೆ ಗೊತ್ತಾಯಿತು ಎಂದು ಮಕ್ಕಳನ್ನೇ ಕೇಳಿ. ಕನ್ನಡದ ಆ ಹಳೆಯ ಸಂಚಿಕೆಗಳು ಅಟ್ಟದಲ್ಲಿ ಉಳಿದಿದ್ದರೆ ರದ್ದಿಗೆ ಹಾಕಬೇಡಿ, ಹತ್ತಿರದ ಶಾಲೆಯ ಗ್ರಂಥಾಲಯಕ್ಕೆ ಕೊಡಿ.