ಹೊಸ ಕೈ, ಪಳಗಿದ ಕೈ

ಗಣಕಯಂತ್ರದ ತೆರೆಯ ಮೇಲಿನ ಒಂದು ಪದವನ್ನು ಗುರುತಿಸಲು ಯಾವ ಸಾಧನ ಒಳ್ಳೆಯದು? ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್, ಬಿಲ್ ಇಂಗ್ಲಿಷ್ ಮತ್ತು ಸಂಗಡಿಗರು ವಾದಕ್ಕೆ ಕೂರಲಿಲ್ಲ. ಜನರ ಕೈಗೇ ಸಾಧನಗಳನ್ನು ಕೊಟ್ಟು, ಹಿಡಿದ ವೇಳೆಯನ್ನೂ ಆದ ತಪ್ಪುಗಳನ್ನೂ ಅಳೆದರು. ಬೆಳಕಿನ ಲೇಖನಿ, ಜಾಯ್‌ಸ್ಟಿಕ್ ಜತೆಗೆ ಅವರದೇ ‘ಮೌಸ್’ ಇತ್ತು. ಮೇಜಿನಡಿ ಮೊಣಕಾಲಿನಿಂದ ನಡೆಸುವ ಸಾಧನವೂ ಇತ್ತು.

1967ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ. ಹೊಸಬರು ಮೌಸ್‌ಗಿಂತ ಮೊಣಕಾಲಿನಿಂದಲೇ ಬೇಗ ಗುರಿ ಮುಟ್ಟಿದ್ದರು. ಪಳಗಿದವರ ಕೈಯಲ್ಲಿ ಮಾತ್ರ ಮೌಸ್ ಗೆದ್ದಿತ್ತು. ಮೊದಲ ದಿನಕ್ಕೆ ಸುಲಭವಾದದ್ದೇ ದಿನನಿತ್ಯದ ದುಡಿಮೆಗೂ ಹಿತವೆಂದು ತಿಳಿಯುವಂತಿಲ್ಲ. ಹಾಗಾದರೆ ಯಂತ್ರವನ್ನು ರೂಪಿಸಬೇಕಾದದ್ದು ಇಂದು ಬಂದವನಿಗೋ, ನಿತ್ಯ ಬಳಸುವವನಿಗೋ? ಎಟಿಎಂನಿಂದ ಮೊಬೈಲಿನವರೆಗೆ ಪ್ರತಿಯೊಬ್ಬ ವಿನ್ಯಾಸಕಾರನೂ ಇಂದಿಗೂ ಎದುರಿಸಲೇಬೇಕಾದ ಪ್ರಶ್ನೆ ಇದು.